ಜಾವಾ ಸಂಗೀತ: ಹಳೆಯದೋ ಹೊಸದೋ ಅನ್ನೋ ಮೊದಲು, ಜೋರೋ ಮೆಲ್ಲಗೋ ಅಂತ ಕೇಳಿಕೊಳ್ಳಿ

ಗಮೆಲಾನ್ ಅಂದರೆ ಇಂಡೋನೇಷ್ಯಾದ ಜಾವಾ ದ್ವೀಪದ ವಾದ್ಯಮೇಳ, ಹೆಚ್ಚಾಗಿ ಕಂಚಿನ ಗಾಂಗ್, ಗಂಟೆ, ಪಟ್ಟಿಗಳದ್ದು. ಅದನ್ನು ಕೇಳೋಕೆ ಶುರು ಮಾಡಬೇಕು ಅಂದುಕೊಂಡವರು ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಅರಮನೆಯ ಹಳೆಯ ಸಂಗೀತದಿಂದ ಶುರು ಮಾಡಲೋ, ಈಗ ಯೋಗ್ಯಕರ್ತದಲ್ಲಿ ನಡೆಯುತ್ತಿರುವ ಪ್ರಯೋಗದ ಸಂಗೀತದಿಂದಲೋ? ಎರಡಕ್ಕೂ ಅವರ ಹತ್ತಿರ ಸಮಯ ಇರುವುದಿಲ್ಲ. ಪ್ರವಾಸಕ್ಕೆ ಹೋಗುವವರಿಗಂತೂ ಎರಡೋ ಮೂರೋ ಸಂಜೆ ಮಾತ್ರ ಖಾಲಿ ಇರುತ್ತದೆ. ಹಾಗಾಗಿ ಆರಿಸಲೇಬೇಕು.

ನನ್ನ ಮಟ್ಟಿಗೆ ಅದು ಎರಡನೇ ಪ್ರಶ್ನೆ. ಮೊದಲನೆಯದು, ನಿಮಗೆ ಜೋರು ಬೇಕೋ ಮೆಲ್ಲನೆಯದು ಬೇಕೋ ಅನ್ನೋದು. ಇದನ್ನು ನಾನು ಹುಟ್ಟಿಸಿದ್ದಲ್ಲ. ಜಾವಾದ ವಾದಕರೇ ತಮ್ಮ ನುಡಿಸುವಿಕೆಯನ್ನು ಸೋರಾನ್, ಲಿರಿಹಾನ್ ಅಂತ ಎರಡು ಮಾಡಿ ಮಾತಾಡುತ್ತಾರೆ. ಸೋರಾನ್ ಅಂದರೆ ಜೋರು. ಕಂಚಿನ ಪಟ್ಟಿಗಳ ಮೇಲೆ, ಮಡಕೆಯಾಕಾರದ ಗಂಟೆಗಳ ಮೇಲೆ ನೇರ ಪೆಟ್ಟು. ಲಿರಿಹಾನ್ ಅಂದರೆ ಮೆಲುದನಿ. ಅಲ್ಲಿ ಕಮಾನಿನಿಂದ ನುಡಿಸುವ ಎರಡು ತಂತಿಯ ರೆಬಾಬ್, ಮೃದುವಾಗಿ ನುಡಿಯುವ ಕಂಚಿನ ಪಟ್ಟಿಗಳ ಗೆಂದೆರ್, ಮರದ ಪಟ್ಟಿಗಳ ಗಂಬಾಂಗ್, ಬಿದಿರಿನ ಕೊಳಲು, ಹಾಡುವ ಸಿಂಡೆನ್ ಇವರೆಲ್ಲ ಮುಂದೆ ಬರುತ್ತಾರೆ. ಈ ಎರಡು ಬಗೆ ಹಳೆಯ ಸಂಗೀತದಲ್ಲೂ ಇವೆ, ಹೊಸದರಲ್ಲೂ ಇವೆ. ನಿಮ್ಮ ಕಿವಿ ಯಾವ ಕಡೆಯದ್ದು ಅಂತ ಮೊದಲು ಗೊತ್ತಾದರೆ, ಆಮೇಲೆ ಇನ್ನೂರು ವರ್ಷ ಹಿಂದಕ್ಕೆ ಹೋಗಿ ಅಥವಾ ನಿನ್ನೆ ಮೊನ್ನೆಯದಕ್ಕೆ ಬನ್ನಿ, ದಾರಿ ತಪ್ಪುವುದಿಲ್ಲ. ಇದು ಗೊತ್ತಿಲ್ಲದೆ ಸೀದಾ ಗದ್ದಲದ ಕಛೇರಿಗೆ ಹೋಗಿ, "ಹೊಸ ಸಂಗೀತ ನನಗಲ್ಲ" ಅಂತ ವಾಪಸು ಬಂದವರನ್ನು ನೋಡಿದ್ದೇನೆ. ಅರಮನೆಯಲ್ಲಿ ಮೆಲ್ಲನೆಯ ಗಮೆಲಾನ್ ಮುಂದೆ ಕೂತು ಒಂದು ಗಂಟೆಯಲ್ಲಿ ನಿದ್ದೆ ಬಂದು, "ಹಳೆಯದು ನನಗಲ್ಲ" ಅಂದವರೂ ಇದ್ದಾರೆ. ಇಬ್ಬರೂ ತಪ್ಪು ಬಾಗಿಲು ತಟ್ಟಿದ್ದರು, ಅಷ್ಟೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಜಾವಾ ದ್ವೀಪದಲ್ಲಿ ಇರುವುದೆಲ್ಲ ಜಾವಾ ಜನರ ಸಂಗೀತ ಅಲ್ಲ. ಪಶ್ಚಿಮದಲ್ಲಿ, ಬಾಂಡುಂಗ್ ಸುತ್ತಮುತ್ತ ಇರುವವರು ಸುಂಡಾ ಜನ. ಅವರ ಭಾಷೆ ಬೇರೆ, ದೆಗುಂಗ್, ತರವಾಂಗ್ಸ ಅನ್ನುವ ಸಂಗೀತ ಅವರದ್ದು. ಇನ್ನು ಯೂಟ್ಯೂಬ್‌ನಲ್ಲಿ ಗಮೆಲಾನ್ ಅಂತ ಹುಡುಕಿದಾಗ ಮಿಂಚಿನಂತೆ ಓಡುವ, ಥಟ್ಟನೆ ನಿಲ್ಲುವ ಸಂಗೀತ ಸಿಕ್ಕಿದರೆ ಅದು ಬಹುತೇಕ ಬಾಲಿಯದ್ದು. ನಾನು ಇಲ್ಲಿ ಹೇಳುತ್ತಿರುವುದು ನಡು ಜಾವಾದ ಸೋಲೋ ಮತ್ತು ಯೋಗ್ಯಕರ್ತದ ಸಂಗೀತದ ಬಗ್ಗೆ. ಸೋಲೋ ಅಂದರೆ ಸುರಕರ್ತ, ಎರಡೂ ಒಂದೇ ಊರಿನ ಹೆಸರು.

ಯಾವುದನ್ನೇ ಆರಿಸಿ, ಮೊಬೈಲ್ ಸ್ಪೀಕರ್ ಬೇಡ

ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಗಮೆಲಾನ್ ಹಿಡಿಸದೇ ಹೋಗಲು ನನಗೆ ಕಂಡ ದೊಡ್ಡ ಕಾರಣ ಇದೇ. ಇಡೀ ಸಂಗೀತ ನಿಂತಿರುವುದು ದೊಡ್ಡ ಗಾಂಗ್ ಮೇಲೆ. ಗಾಂಗ್ ಅಗೆಂಗ್ ಅಂತ ಅದರ ಹೆಸರು, ಒಂದು ಮೀಟರ್ ಹತ್ತಿರದ ಅಗಲ, ಮರದ ಚೌಕಟ್ಟಿಗೆ ನೇತು ಹಾಕಿರುತ್ತಾರೆ. ಅದರ ದನಿ ಎಷ್ಟು ಕೆಳಗಿದೆ ಅಂದರೆ ಮೊಬೈಲಿನ ಸ್ಪೀಕರ್ ಅದನ್ನು ಹೊರಡಿಸುವುದೇ ಇಲ್ಲ. ಗಾಂಗ್ ಇಲ್ಲದ ಗಮೆಲಾನ್ ಅಂದರೆ ಶ್ರುತಿ ಇಲ್ಲದ ಕಛೇರಿ ಇದ್ದ ಹಾಗೆ. ಮೇಲಿನ ಟಿಣ್ ಟಿಣ್ ಮಾತ್ರ ಉಳಿಯುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿದರೆ ಗಾಂಗ್ ಬಿದ್ದ ಮೇಲೆ ದನಿ ಅಲೆ ಅಲೆಯಾಗಿ ಉಬ್ಬಿ ಇಳಿಯುವುದು ಕೇಳುತ್ತದೆ. ಜಾವಾದವರು ಅದನ್ನು ಓಂಬಾಕ್ ಅನ್ನುತ್ತಾರೆ, ಅಂದರೆ ಅಲೆಯೇ. ಗಾಂಗ್ ಕೊಳ್ಳುವಾಗ ಈ ಅಲೆ ಎಷ್ಟು ನಿಧಾನ, ಎಷ್ಟು ಸಮ ಅಂತ ಕಿವಿಗೊಟ್ಟು ನೋಡುತ್ತಾರೆ.

ಸೋಲೋ ಹತ್ತಿರ ವಿರುನ್ ಅನ್ನುವ ಹಳ್ಳಿಯಲ್ಲಿ ಇವನ್ನು ಇವತ್ತಿಗೂ ಬೆಂಕಿಯಲ್ಲಿ ಕಾಯಿಸಿ, ಬಡಿದು ಮಾಡುತ್ತಾರೆ. ಹತ್ತು ಪಾಲು ತಾಮ್ರಕ್ಕೆ ಮೂರು ಪಾಲು ತವರ. ಕಂಚಿಗೆ ಅವರ ಪದ ಗಂಗ್ಸ. ಮೂರಕ್ಕೆ ತಿಗ, ಹತ್ತಕ್ಕೆ ಸೆದಸ ಅನ್ನುವ ಎರಡು ಪದ ಕೂಡಿ ಅದು ಬಂತು ಅಂತ ಅಲ್ಲಿಯ ವಿವರಣೆ.

ನಮ್ಮ ಕಿವಿಗೆ ಅಡ್ಡ ಬರುವ ಎರಡು ಅಭ್ಯಾಸ

ಕರ್ನಾಟಕ ಸಂಗೀತವೋ ಹಿಂದೂಸ್ತಾನಿಯೋ ಕೇಳಿ ಬೆಳೆದವರಿಗೆ ಇಲ್ಲಿ ಒಂದು ತೊಡಕು ಇದೆ, ಅದು ಗೊತ್ತಾದರೆ ಅರ್ಧ ದಾರಿ ಸಾಗಿದಂತೆ. ಆದಿತಾಳದಲ್ಲಿ ಮೊದಲ ಪೆಟ್ಟು ಗಟ್ಟಿ, ಅಲ್ಲಿಂದ ಎಣಿಕೆ. ಗಮೆಲಾನ್‌ನಲ್ಲಿ ಭಾರ ಬೀಳುವುದು ಕೊನೆಯಲ್ಲಿ. ಸ್ವರಗಳನ್ನು ನಾಲ್ಕು ನಾಲ್ಕಾಗಿ ಕಟ್ಟುತ್ತಾರೆ, ಆ ನಾಲ್ಕರಲ್ಲಿ ನಾಲ್ಕನೆಯದೇ ಮುಖ್ಯ. ಉಳಿದ ಮೂರು ಅದರ ಕಡೆಗೆ ನಡೆಯುತ್ತಿರುತ್ತವೆ. ಹೀಗೆ ನಾಲ್ಕು ಗುಂಪು ಸೇರಿ 16 ಎಣಿಕೆಯಾದಾಗ, ಅಥವಾ ಎಂಟು ಗುಂಪು ಸೇರಿ 32 ಆದಾಗ, ಕಟ್ಟಕಡೆಯ ಎಣಿಕೆಯ ಮೇಲೆ ಗಾಂಗ್. 16ರದ್ದು ಲಂಚರಾನ್ ಮತ್ತು ಕೆತವಾಂಗ್, 32ರದ್ದು ಲದ್ರಾಂಗ್, ಇವು ಚಿಕ್ಕವು. ಇನ್ನೂ ದೊಡ್ಡ ಗೆಂಡಿಂಗ್‌ಗಳಲ್ಲಿ, ಅಂದರೆ ರಚನೆಗಳಲ್ಲಿ, ಒಂದು ಗಾಂಗ್‌ನಿಂದ ಇನ್ನೊಂದಕ್ಕೆ ಹಲವಾರು ನಿಮಿಷ ಹಿಡಿಯುತ್ತದೆ. ಹಾಗಾಗಿ "ಇದು ಎಲ್ಲಿ ಶುರುವಾಯ್ತು" ಅಂತ ಹುಡುಕಬೇಡಿ, "ಎಲ್ಲಿಗೆ ಹೋಗಿ ಇಳಿಯುತ್ತೆ" ಅಂತ ಕಾಯಿರಿ. ನನಗೆ ಇದು ಹೊಳೆದ ದಿನವೇ ಗಮೆಲಾನ್ ನಿಜವಾಗಿ ಕೇಳಿಸತೊಡಗಿದ್ದು.

ಎರಡನೆಯದು ಲಯ ಹಿಗ್ಗುವ ಬಗೆ. ಕೆಂಡಾಂಗ್ ಅನ್ನುವ ಮದ್ದಳೆಯವನು ಲಯ ಇಳಿಸುತ್ತಾ ಹೋದಾಗ ಮೂಲ ರಾಗದ ಸ್ವರಗಳು ದೂರ ದೂರ ಆಗುತ್ತವೆ. ಆದರೆ ಪೆಕಿಂಗ್ ಅನ್ನುವ ಪುಟ್ಟ ಕಂಚಿನ ವಾದ್ಯ ಆ ಖಾಲಿ ಜಾಗ ತುಂಬುತ್ತದೆ: ಮೊದಲು ಒಂದು ಸ್ವರಕ್ಕೆ ಒಂದು ಪೆಟ್ಟು, ಆಮೇಲೆ ಎರಡು, ನಾಲ್ಕು, ಎಂಟು, ಕೊನೆಗೆ ಹದಿನಾರು. ಇದಕ್ಕೆ ಇರಮ ಅಂತಾರೆ. ಕೆಳಗೆ ನಿಧಾನ ಆದಷ್ಟೂ ಮೇಲೆ ಕೆಲಸ ಜಾಸ್ತಿ. ಹಾಗಾಗಿಯೇ ಈ ಸಂಗೀತ ಒಂದೇ ಹೊತ್ತಿಗೆ ನಿಂತ ಹಾಗೂ ಓಡಿದ ಹಾಗೂ ಅನ್ನಿಸುತ್ತದೆ.

ಶ್ರುತಿಯ ಬಗ್ಗೆ ಒಂದೇ ಮಾತು. ಐದು ಸ್ವರದ ಸ್ಲೆಂದ್ರೊ ಕೇಳಿದ ಕೂಡಲೇ ನಮ್ಮವರು "ಇದು ಮೋಹನ" ಅಂತಾರೆ. ಅಲ್ಲ. ಸ್ಲೆಂದ್ರೊದಲ್ಲಿ ಐದು ಅಂತರಗಳೂ ಹೆಚ್ಚುಕಮ್ಮಿ ಸಮ, ಏಳು ಸ್ವರದ ಪೆಲೊಗ್‌ನಲ್ಲಿ ಬಹಳ ಏರುಪೇರು. ಮೇಲಾಗಿ ಒಂದು ಊರಿನ ಗಮೆಲಾನ್ ಶ್ರುತಿ ಇನ್ನೊಂದಕ್ಕೆ ಹೊಂದುವುದಿಲ್ಲ, ಪ್ರತಿ ಮೇಳಕ್ಕೂ ಅದರದ್ದೇ ಶ್ರುತಿ. ಅದಕ್ಕೇ ಮೇಳಗಳಿಗೆ ವ್ಯಕ್ತಿಗಳಂತೆ ಹೆಸರಿಟ್ಟು, ಹಿರಿಯರನ್ನು ಕರೆಯುವ ಹಾಗೆ 'ಕ್ಯಾಯಿ' ಅಂತ ಸೇರಿಸಿ ಕರೆಯುತ್ತಾರೆ. ವಾದ್ಯವನ್ನು ದಾಟಿ ಹೋಗಬಾರದು. ಇದನ್ನು ವೀಣೆ, ತಂಬೂರಿ ಇರುವ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಮೆಲ್ಲನೆಯದು, ಹಳೆಯದು

ನಾನು ಈ ಸಂಗೀತಕ್ಕೆ ಬಂದದ್ದು ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ದಾರಿಯಿಂದ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಕಳಿಸಿದ ಚಿನ್ನದ ತಟ್ಟೆಯಲ್ಲಿ ಅವರ ಭೈರವಿ ಇದೆ. ಅದನ್ನು ಹುಡುಕಿ ಕೇಳುತ್ತಿದ್ದಾಗ ಅದೇ ತಟ್ಟೆಯ ಇನ್ನೊಂದು ಹೆಸರು ಕಣ್ಣಿಗೆ ಬಿತ್ತು: ಪುಸ್ಪವರ್ನ. ಪುಷ್ಪ, ವರ್ಣ. ಕನ್ನಡದವರಿಗೆ ಇದರ ಅರ್ಥ ಹೇಳಬೇಕಾ? ಬಗೆಬಗೆಯ ಹೂಗಳು. 19ನೇ ಶತಮಾನದ ಸೋಲೋ ರಾಜಕುಮಾರ ನಾಲ್ಕನೇ ಮಂಕುನೆಗರನ ರಚನೆ ಅಂತ ಹೇಳುತ್ತಾರೆ, ಒಂದೊಂದು ಚರಣದಲ್ಲಿ ಒಂದೊಂದು ಹೂವು. ವಾಯೇಜರ್‌ನಲ್ಲಿರುವುದು ಯೋಗ್ಯಕರ್ತದ ಪಕುವಲಾಮನ್ ಅರಮನೆಯಲ್ಲಿ ಅಮೆರಿಕದ ರಾಬರ್ಟ್ ಬ್ರೌನ್ ಧ್ವನಿಮುದ್ರಿಸಿದ್ದು. ಮೇಳ ನಡೆಸಿದವರು ಚೋಕ್ರೊವಸಿತೊ, ಎಲ್ಲರೂ ಪಾಕ್ ಚೋಕ್ರೊ ಅಂತ ಕರೆಯುತ್ತಿದ್ದ ಹಿರಿಯರು. ಬರೀ 4 ನಿಮಿಷ 43 ಸೆಕೆಂಡ್. ಗಾಂಗ್ ನಡುವಿನ ಸುತ್ತು 16 ಎಣಿಕೆಯದ್ದೇ ಆದ್ದರಿಂದ ಹೊಸಬರಿಗೂ ಹಿಡಿತಕ್ಕೆ ಸಿಗುತ್ತದೆ. ಮೆಲ್ಲನೆಯದು ಬೇಕು ಅನ್ನುವ ಯಾರಿಗೇ ಆಗಲಿ ನಾನು ಮೊದಲು ಕೊಡುವುದು ಇದನ್ನೇ. ಹಿನ್ನೆಲೆಯಲ್ಲಿ ಹಕ್ಕಿಗಳೂ ಕೇಳುತ್ತವೆ. ಅರಮನೆಯ ಪೆಂಡೊಪೊ ಅಂದರೆ ಗೋಡೆಯಿಲ್ಲದ ದೊಡ್ಡ ಮಂಟಪ, ಅದಕ್ಕೇ.

ಇಲ್ಲೇ ಇನ್ನೊಂದು ಸಣ್ಣ ಆಯ್ಕೆ ಎದುರಾಗುತ್ತದೆ, ಸೋಲೋ ಶೈಲಿಯೋ ಯೋಗ್ಯ (ಯೋಗ್ಯಕರ್ತದ ಚಿಕ್ಕ ಹೆಸರು) ಶೈಲಿಯೋ ಅಂತ. 1755ರ ಗಿಯಂತಿ ಒಪ್ಪಂದದಲ್ಲಿ ಮತಾರಾಮ್ ರಾಜ್ಯ ಎರಡಾಯಿತು, ಅರಮನೆಗಳ ಜೊತೆ ಸಂಗೀತವೂ ಎರಡು ದಾರಿ ಹಿಡಿಯಿತು. ಸೋಲೋದವರು ಕುಸುರಿ ಕೆಲಸಕ್ಕೆ, ಮೃದುತನಕ್ಕೆ ಹೆಸರುವಾಸಿ. ಯೋಗ್ಯದವರು ಗಟ್ಟಿತನಕ್ಕೆ, ಸೋರಾನ್‌ಗೆ. ಮೆಲ್ಲನೆಯದು ಬೇಕಾದವರು ಸೋಲೋ ಕಡೆ ತಿರುಗಿ. ಅಲ್ಲಿ ಕುಣಿತ ಇಲ್ಲದೆ, ಗೊಂಬೆಯಾಟ ಇಲ್ಲದೆ, ಸುಮ್ನೆ ಸಂಗೀತಕ್ಕಾಗಿ ಸಂಗೀತ ನುಡಿಸುವ ರಾತ್ರಿಗಳಿಗೆ ಕ್ಲೆನೆಂಗನ್ ಅಂತಾರೆ. ಜನ ಬರುತ್ತಾರೆ, ಚಹಾ ಕುಡಿಯುತ್ತಾರೆ, ಮಾತಾಡುತ್ತಾರೆ, ವಾದಕರು ನಡುವೆ ಜಾಗ ಬದಲಿಸಿಕೊಳ್ಳುತ್ತಾರೆ. ಬಾಯಿ ಮುಚ್ಚಿ ಕೂರಬೇಕಾದ ಕಛೇರಿ ಅಲ್ಲ ಅದು. ಮನೆಯಲ್ಲೇ ಕೇಳುವವರಿಗೆ ಸೋಲೋದ ಲೊಕನಂತ ಸಂಸ್ಥೆಯ ಧ್ವನಿಮುದ್ರಿಕೆಗಳು ಇವೆ. 1956ರಲ್ಲಿ ಸರ್ಕಾರ ಶುರು ಮಾಡಿದ ಈ ಸಂಸ್ಥೆಯ ಗಮೆಲಾನ್ ಕ್ಯಾಸೆಟ್‌ಗಳನ್ನು ಕೇಳಿಯೇ ಜಾವಾದ ಎಷ್ಟೋ ವಾದಕರು ಕಲಿತರು.

ಇದು ಯಾರಿಗೆ ಬೇಡ? ಹತ್ತು ನಿಮಿಷದಲ್ಲಿ ಏನಾದರೂ "ಆಗಬೇಕು" ಅನ್ನುವವರಿಗೆ. ಇಲ್ಲಿ ಆಗುವುದೆಲ್ಲ ಒಳಗೊಳಗೇ ಆಗುತ್ತದೆ.

ಜೋರು, ಹಳೆಯದು

ಹಳೆಯದು ಅಂದರೆ ಮೆಲ್ಲಗೇ ಇರುತ್ತದೆ ಅಂದುಕೊಂಡವರು ಒಮ್ಮೆ ಸೆಕತೇನ್ ಕೇಳಬೇಕು. ಪ್ರವಾದಿಯವರ ಹುಟ್ಟಿದ ದಿನ ಬರುವ ಮುಲುದ್ ತಿಂಗಳಲ್ಲಿ, ಯೋಗ್ಯಕರ್ತ ಮತ್ತು ಸೋಲೋದ ದೊಡ್ಡ ಮಸೀದಿಗಳ ಅಂಗಳಕ್ಕೆ ಅರಮನೆಯ ಎರಡೆರಡು ಮೇಳ ಬರುತ್ತವೆ. ಎದುರುಬದುರು ಮಂಟಪಗಳಲ್ಲಿ ಇಟ್ಟು, ಒಂದರ ನಂತರ ಇನ್ನೊಂದನ್ನು ವಾರದ ತನಕ ನುಡಿಸುತ್ತಾರೆ. ಯೋಗ್ಯದ ಮೇಳಗಳ ಹೆಸರು ಕ್ಯಾಯಿ ಗುಂತುರ್ ಮದು, ಕ್ಯಾಯಿ ನಾಗ ವಿಲಗ. ಮದು ಅಂದರೆ ಜೇನು, ನಮ್ಮ ಮಧುವೇ. ರೆಬಾಬ್ ಇಲ್ಲ, ಗೆಂದೆರ್ ಇಲ್ಲ, ಹಾಡು ಇಲ್ಲ. ಮಾಮೂಲಿ ಮೇಳಕ್ಕಿಂತ ದೊಡ್ಡ ದೊಡ್ಡ ವಾದ್ಯಗಳು, ಬಹಳ ನಿಧಾನ, ಬಹಳ ಜೋರು. ಪೆಟ್ಟು ಬಿದ್ದಾಗ ಎದೆಗೂಡಿನಲ್ಲಿ ಗೊತ್ತಾಗುತ್ತದೆ. ಮೊದಲ ನಾದ ಕೇಳುವಾಗ ಎಲೆ ಅಡಿಕೆ ಹಾಕಿಕೊಂಡರೆ ಆರೋಗ್ಯ, ಯೌವನ ಉಳಿಯುತ್ತದೆ ಅನ್ನುವ ನಂಬಿಕೆ ಇದೆ, ಅಂಗಳದಲ್ಲಿ ಅಜ್ಜಿಯರು ಎಲೆ ಅಡಿಕೆ ಮಾರುತ್ತಾ ಕೂತಿರುತ್ತಾರೆ. ಮಲೆನಾಡಿನಿಂದ ಹೋದವನಿಗೆ ಆ ಅಂಗಳದಲ್ಲಿ ಮನೆಗೆ ಬಂದ ಹಾಗಾಗಿತ್ತು.

ಸೆಕತೇನ್ ವರ್ಷಕ್ಕೊಂದೇ ಸಲ. ಅದರ ದಿನಾಂಕ ಚಾಂದ್ರಮಾನದ್ದು, ಹಾಗಾಗಿ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತದೆ. ಅದು ಸಿಗದಿದ್ದರೆ ಹಳ್ಳಿಗಳ ಕಡೆ ಜಟಿಲಾನ್ ಹುಡುಕಿ. ಬಿದಿರಿನಲ್ಲಿ ಹೆಣೆದ ಚಪ್ಪಟೆ ಕುದುರೆಗಳನ್ನು ಕಾಲುಗಳ ನಡುವೆ ಹಿಡಿದು ಕುಣಿಯುತ್ತಾರೆ, ಕುಣಿಯುತ್ತಾ ಕುಣಿಯುತ್ತಾ ಮೈಮೇಲೆ ಬರುತ್ತದೆ. ವಾದ್ಯ ನಾಲ್ಕೋ ಐದೋ ಇರಬಹುದು, ಒಂದೇ ತುಣುಕು ಬಿಡದೆ ತಿರುಗುತ್ತಿರುತ್ತದೆ. ಭೂತಕೋಲ ನೋಡಿ ಬೆಳೆದ ಕರಾವಳಿಯವರಿಗೆ ಈ ಬಿಗಿಯನ್ನು ವಿವರಿಸಬೇಕಿಲ್ಲ. ಅರಮನೆಯ ಸಂಗೀತದ ಪುಸ್ತಕಗಳಲ್ಲಿ ಇದಕ್ಕೆ ಸಣ್ಣ ಜಾಗ. ಆದರೆ ಈಗಿನ ಹೊಸ ಸಂಗೀತಕ್ಕೆ ಇದೇ ದೊಡ್ಡ ಬೇರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಕ್ಷಗಾನದವರಿಗೆ ಒಂದು ಬೇರೆ ಬಾಗಿಲು

ರಾತ್ರಿಯಿಡೀ ಆಟ ನೋಡಿ ಅಭ್ಯಾಸ ಇರುವವರು ಈ ಜೋರು ಮೆಲ್ಲಗೆ ಲೆಕ್ಕವನ್ನೆಲ್ಲ ಬಿಟ್ಟು ವಯಾಂಗ್ ಕುಲಿತ್‌ಗೆ ಹೋಗಿ. ತೊಗಲುಗೊಂಬೆ, ಪರದೆ, ಮಹಾಭಾರತ ಇಲ್ಲವೇ ರಾಮಾಯಣ, ರಾತ್ರಿ ಒಂಬತ್ತರ ಸುಮಾರಿಗೆ ಶುರುವಾಗಿ ಬೆಳಗಿನ ಜಾವದ ತನಕ. ಡಾಲಾಂಗ್ ಒಬ್ಬನೇ ಗೊಂಬೆ ಆಡಿಸುತ್ತಾನೆ, ಎಲ್ಲ ಪಾತ್ರದ ಮಾತನ್ನೂ ಆಡುತ್ತಾನೆ, ಜೊತೆಗೆ ಪಕ್ಕದ ಮರದ ಪೆಟ್ಟಿಗೆಯನ್ನು ಕುಟ್ಟಿ ಮೇಳದವರಿಗೆ ಸೂಚನೆ ಕೊಡುತ್ತಾನೆ. ನಮ್ಮಲ್ಲಿ ಭಾಗವತರು ಮತ್ತು ಅರ್ಥಧಾರಿಗಳು ಹಂಚಿಕೊಳ್ಳುವ ಕೆಲಸ ಅಲ್ಲಿ ಒಬ್ಬನದ್ದೇ. ರಾತ್ರಿ ಸಾಗಿದಂತೆ ಪಟೆತ್ ಬದಲಾಗುತ್ತದೆ: ಮೊದಲು ನೆಮ್, ನಡುರಾತ್ರಿ ಕಳೆದ ಮೇಲೆ ಸಂಗ, ಕೊನೆಗೆ ಮನ್ಯುರ. ಪಟೆತ್ ಅಂದರೆ ರಾಗ ಅಲ್ಲ, ಆದರೆ ಹೊತ್ತಿಗೆ ತಕ್ಕ ಬಣ್ಣ ಅನ್ನುವುದು ನಮಗೆ ಕೂಡಲೇ ಹತ್ತುತ್ತದೆ. ನಡುರಾತ್ರಿ ಸೆಮಾರ್ ಮತ್ತು ಅವನ ಮಕ್ಕಳು ಬಂದು ನಗಿಸುವಾಗ ಭಾಷೆ ಬಾರದಿದ್ದರೂ ಸುತ್ತಲಿನವರ ನಗು ಹಿಡಿಯುತ್ತದೆ. ಒಂದೇ ರಾತ್ರಿಯಲ್ಲಿ ಮೆಲ್ಲನೆಯದೂ ಸಿಗುತ್ತದೆ, ಯುದ್ಧದ ಜೋರೂ ಸಿಗುತ್ತದೆ. ಪೂರ್ತಿ ರಾತ್ರಿ ಆಗದಿದ್ದರೆ ಯೋಗ್ಯದ ಸೋನೊಬುದೊಯೊ ವಸ್ತುಸಂಗ್ರಹಾಲಯದಲ್ಲಿ ಸಂಜೆ ಚಿಕ್ಕ ಆಟ ಇರುತ್ತದೆ.

ಹಳೆಯದು ಅಂತ ನಾವು ಅನ್ನುವುದು ಎಷ್ಟು ಹಳೆಯದು?

ಹೊಸದಕ್ಕೆ ಹೋಗುವ ಮೊದಲು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಈ ಗೆರೆಯೇ ಜನರನ್ನು ದಾರಿ ತಪ್ಪಿಸುವುದು. ಯೋಗ್ಯಕರ್ತದ ಅರಮನೆಯಲ್ಲಿ ಗತಿ ಅನ್ನುವ ಒಂದು ಬಗೆಯ ಗೆಂಡಿಂಗ್ ಇದೆ. ಅತಿ ಪವಿತ್ರ ಅಂತ ಕಾಣುವ ಬೆಡೊಯೊ, ಸ್ರಿಂಪಿ ನೃತ್ಯಗಳಲ್ಲಿ ಹುಡುಗಿಯರು ಒಳಗೆ ಬರುವಾಗ ಇದನ್ನು ನುಡಿಸುತ್ತಾರೆ. ಅದರಲ್ಲಿ ಗಮೆಲಾನ್ ಜೊತೆ ಯುರೋಪಿನ ತುತ್ತೂರಿ ಮತ್ತು ಸೇನೆಯ ಡ್ರಮ್ ಇರುತ್ತವೆ! ಡಚ್ಚರ ಕಾಲದಲ್ಲಿ ಬಂದು ಸೇರಿದ ಈ ಪ್ರಯೋಗ ಇವತ್ತು ಸಂಪ್ರದಾಯ.

ಇನ್ನೊಬ್ಬರು ಕಿ ನರ್ತೊಸಬ್ದೊ, ಸೆಮರಾಂಗ್‌ನ ದೊಡ್ಡ ಡಾಲಾಂಗ್, 1985ರಲ್ಲಿ ತೀರಿಕೊಂಡರು. ಎಲ್ಲವೂ ಎರಡು, ನಾಲ್ಕು, ಎಂಟರಲ್ಲೇ ನಡೆಯುವ ಗಮೆಲಾನ್‌ಗೆ ಅವರು ವಾಲ್ಟ್ಸ್‌ನ ಮೂರರ ನಡೆ ತಂದರು. ಶಾಸ್ತ್ರ ಬಿಟ್ಟರು ಅಂತ ಮಡಿವಂತರು ಸಿಟ್ಟಾದರು. ಈಗ ಅವರ ಹಾಡುಗಳಿಲ್ಲದೆ ಮದುವೆಮನೆಯೂ ನಡೆಯುವುದಿಲ್ಲ, ವಯಾಂಗೂ ನಡೆಯುವುದಿಲ್ಲ. ವಾಯೇಜರ್ ತಟ್ಟೆಯ ಪಾಕ್ ಚೋಕ್ರೊ ಕೂಡ ಬರೀ ಕಾವಲುಗಾರ ಅಲ್ಲ. 1961ರಲ್ಲಿ ಪ್ರಂಬನಾನ್ ದೇವಾಲಯದ ಮುಂದೆ ಶುರುವಾದ ರಾಮಾಯಣ ನೃತ್ಯನಾಟಕಕ್ಕೆ ಹೊಸ ಸಂಗೀತ ಕಟ್ಟಿದವರು ಅವರೇ. ಹಳೆಯದನ್ನು ಅಷ್ಟು ಚೆನ್ನಾಗಿ ಬಲ್ಲವರೇ ಹೊಸದನ್ನೂ ಮಾಡಿದರು. ಇದನ್ನು ಕೇಳಿದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ.

ಇದೇ ನಡುದಾರಿಯಲ್ಲಿ ಚಂಪುರ್ಸರಿ ಇದೆ. ಕೀಬೋರ್ಡ್, ಗಿಟಾರ್, ಗಮೆಲಾನ್ ಎಲ್ಲ ಕಲೆಸಿದ್ದು, 1990ರ ದಶಕದಲ್ಲಿ ಗುನುಂಗ್ ಕಿದುಲ್‌ನ ಮಂತೌಸ್ ಇದನ್ನು ಮನೆಮನೆಗೆ ಮುಟ್ಟಿಸಿದರು. ಬಸ್ಸಿನಲ್ಲಿ, ಅಂಗಡಿಯಲ್ಲಿ ತಾನಾಗಿ ಕಿವಿಗೆ ಬೀಳುತ್ತದೆ, ಹುಡುಕಿಕೊಂಡು ಹೋಗಬೇಕಿಲ್ಲ.

ಮೆಲ್ಲನೆಯದು, ಹೊಸದು

ಸೋಲೋದ ಸಂಗೀತ ಕಾಲೇಜು ಇಲ್ಲಿ ಮುಖ್ಯ. 1964ರಲ್ಲಿ ಅಸ್ಕಿ ಅಂತ ಶುರುವಾಗಿ, ಈಗ ಇಸಿ ಸುರಕರ್ತ ಆಗಿದೆ. 1970ರ ದಶಕದಲ್ಲಿ ಅದರ ಮುಖ್ಯಸ್ಥರಾಗಿದ್ದ ಗೆಂಡೊನ್ ಹುಮರ್ದಾನಿ ವಿದ್ಯಾರ್ಥಿಗಳಿಗೆ ಹಳೆಯದನ್ನು ಕಟ್ಟುನಿಟ್ಟಾಗಿ ಕಲಿಸಿ, ಅದೇ ಕೈಯಲ್ಲಿ ಹೊಸದು ಮಾಡಿ ಅಂತ ಬೆನ್ನು ತಟ್ಟಿದರು. 1979ರಲ್ಲಿ ಜಕಾರ್ತದಲ್ಲಿ ಯುವ ರಚನಕಾರರ ವಾರ ಶುರುವಾದಾಗ ಅಲ್ಲಿಗೆ ಹೋದವರಲ್ಲಿ ಇವರ ಹುಡುಗರು ಇದ್ದರು.

ಅವರಲ್ಲಿ ರಹಾಯು ಸುಪಂಗ್ಗಾ ಅವರನ್ನು ನಾನು ಎಲ್ಲರಿಗಿಂತ ಮುಂದೆ ಇಡುತ್ತೇನೆ. 2020ರಲ್ಲಿ ತೀರಿಕೊಂಡರು. ಗಾರಪ್ ಅನ್ನುವ ಮಾತನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಗಾರಪ್ ಅಂದರೆ ಮಾಡುವ ಕೆಲಸ, ಹೊಲ ಮಾಡಿದ ಹಾಗೆ. ಗೆಂಡಿಂಗ್‌ನಲ್ಲಿ ಬರೆದಿಟ್ಟಿರುವುದು ಎಲುಬು ಮಾತ್ರ. ಅದಕ್ಕೆ ಮೈ ತುಂಬಿಸುವುದು ನುಡಿಸುವವರ ಗಾರಪ್. ಹೀಗೆ ನೋಡಿದರೆ ಪ್ರಯೋಗ ಹೊರಗಿನಿಂದ ಬಂದದ್ದಲ್ಲ, ಒಳಗೇ ಇದ್ದದ್ದು, ಅಲ್ವಾ? ಅವರ ಕೆಲಸ ಕೇಳಲು ನಮಗೆ ಸುಲಭದ ದಾರಿ ಗರಿನ್ ನುಗ್ರೊಹೊ ನಿರ್ದೇಶನದ 'ಒಪೆರಾ ಜಾವಾ' ಸಿನಿಮಾ, 2006ರದ್ದು. ಸೀತೆಯ ಅಪಹರಣದ ಕಥೆಯನ್ನು ಈಗಿನ ಜಾವಾದ ಹಳ್ಳಿಗೆ ತಂದು, ಪೂರ್ತಿ ಹಾಡು ಮತ್ತು ಕುಣಿತದಲ್ಲಿ ಹೇಳಿದ್ದಾರೆ. ಕಥೆ ನಮಗೆ ಗೊತ್ತಿರುವುದರಿಂದ ಕಿವಿಯನ್ನು ಸಂಗೀತಕ್ಕೇ ಬಿಟ್ಟುಬಿಡಬಹುದು. ಹತ್ತು ವರ್ಷದ ನಂತರ ಇದೇ ಇಬ್ಬರು 'ಸೆತಾನ್ ಜಾವಾ' ಅನ್ನುವ ಕಪ್ಪುಬಿಳುಪು ಮೂಕಿ ಸಿನಿಮಾ ಮಾಡಿದರು, ಗಮೆಲಾನ್ ಎದುರಿಗೇ ಕೂತು ನುಡಿಸುವ ಹಾಗೆ.

ಹೆಣ್ಣುದನಿ ಬೇಕಾದರೆ ಪೆನಿ ಚಂದ್ರ ರಿನಿ. ಸಿಂಡೆನ್ ಆಗಿ ಪಳಗಿದವರು, ಸೋಲೋದಲ್ಲೇ ಕಲಿಸುತ್ತಾರೆ, ಕ್ರೊನೊಸ್ ತಂತಿವಾದ್ಯ ಮೇಳಕ್ಕೂ ರಚನೆ ಮಾಡಿದ್ದಾರೆ. ಅವರ ದನಿಯಲ್ಲಿ ಹಳೆಯ ಸಿಂಡೆನ್‌ನ ಬಳುಕು ಹಾಗೇ ಇದೆ, ಅದರ ಸುತ್ತ ಇರುವುದು ಬೇರೆ. ಪುಸ್ಪವರ್ನ ಹಿಡಿಸಿದವರು ಮುಂದೆ ಹೋಗಬೇಕಾದ್ದು ಇವರ ಕಡೆಗೆ.

ಜೋರು, ಹೊಸದು

ಈಗ ಎಲ್ಲರೂ ಕೇಳುವ ಹೆಸರು: ಸೆನ್ಯಾವಾ. 2010ರಲ್ಲಿ ಯೋಗ್ಯಕರ್ತದಲ್ಲಿ ಒ೦ದಾದ ಇಬ್ಬರು. ಸೆನ್ಯಾವಾ ಅಂದರೆ ಎರಡು ವಸ್ತು ಕೂಡಿ ಮೂರನೆಯದಾಗುವ ರಾಸಾಯನಿಕ ಸಂಯುಕ್ತ, ಹೆಸರು ಸರಿಯಾಗಿದೆ. ದನಿ ರುಲ್ಲಿ ಶಬರ ಅವರದ್ದು. ಅವರು ಜಾವಾದವರೇ ಅಲ್ಲ, ಸುಲವೇಸಿಯ ಪಾಲು ಊರಿನವರು. ವಾದ್ಯ ವುಕಿರ್ ಸುರ್ಯಾದಿ ಅವರದ್ದು. ಪೂರ್ವ ಜಾವಾದ ಮಲಾಂಗ್‌ನವರು, ತಮ್ಮ ವಾದ್ಯ ತಾವೇ ಕಟ್ಟುತ್ತಾರೆ. ಬಂಬುವುಕಿರ್ ಅಂತ ಈಟಿಯಂಥ ಉದ್ದನೆಯ ಬಿದಿರು. ಬಿದಿರಿನ ಸಿಪ್ಪೆಯನ್ನೇ ಸೀಳಿ ಎಬ್ಬಿಸಿದ ತಂತಿ, ಜೊತೆಗೆ ಉಕ್ಕಿನ ತಂತಿ, ಅದಕ್ಕೆ ಆಂಪ್ಲಿಫೈಯರ್. ಮೀಟಬಹುದು, ಉಜ್ಜಬಹುದು, ಬಡಿಯಬಹುದು. ನೇಗಿಲನ್ನೂ ಅವರು ವಾದ್ಯ ಮಾಡಿದ್ದಾರೆ. ರುಲ್ಲಿ ಒಮ್ಮೆ ಗಂಟಲಾಳದಿಂದ ಗುಡುಗುತ್ತಾರೆ, ಒಮ್ಮೆ ಹಕ್ಕಿಯಷ್ಟು ಮೇಲೆ ಹೋಗುತ್ತಾರೆ, ಒಮ್ಮೆ ಮಂತ್ರ ಹೇಳುವ ಹಾಗೆ. ಮೊದಲ ಸಲ ಕೇಳುವಾಗ ಹೆವಿ ಮೆಟಲ್ ಅನ್ನಿಸುತ್ತದೆ. ಜಟಿಲಾನ್ ನೋಡಿ ಬಂದು ಕೇಳಿ, ಆಗ ಬೇರೆಯೇ ಕೇಳಿಸುತ್ತದೆ. ಅದೇ ಬಿಗಿ, ಮೈಮೇಲೆ ಬರುವ ಮುಂಚಿನ ಅದೇ ತಿರುಗು.

ಇವರ 'ಅಲ್‌ಕಿಸಾ' ಆಲ್ಬಮ್ ಬಗ್ಗೆ ಹೇಳಲೇಬೇಕು. 2021ರಲ್ಲಿ ಇದನ್ನು ಒಂದು ದೊಡ್ಡ ಕಂಪನಿಗೆ ಕೊಡದೆ, ಜಗತ್ತಿನ 44 ಸಣ್ಣ ಲೇಬಲ್‌ಗಳಿಗೆ ಹಂಚಿದರು. ಒಬ್ಬೊಬ್ಬರು ತಮ್ಮದೇ ಮುಖಪುಟ ಮಾಡಿ, ತಮ್ಮ ಊರಿನಲ್ಲಿ ಮಾರಿದರು. ಎಲುಬು ಒಂದು, ಗಾರಪ್ ನಲವತ್ತನಾಲ್ಕು ಅಂತ ನನಗೆ ಅನ್ನಿಸಿತು.

ಜಟಿಲಾನ್ ಬೇರನ್ನು ಇನ್ನೂ ನೇರವಾಗಿ ಕೇಳಬೇಕಾದರೆ ರಾಜ ಕಿರಿಕ್ ಅನ್ನುವ ಯೋಗ್ಯಕರ್ತದ ಜೋಡಿ ಇದೆ. ಕುದುರೆ ಕುಣಿತದ ಬಡಿತವನ್ನು ತಾವೇ ಮಾಡಿದ ಲೋಹದ ವಾದ್ಯ ಮತ್ತು ಎಲೆಕ್ಟ್ರಾನಿಕ್ಸ್ ಮೇಲೆ ತಂದಿದ್ದಾರೆ. ಇನ್ನು ಜೋಗ್ಜಾ ನಾಯ್ಸ್ ಬಾಂಬಿಂಗ್ ಅಂತ ಒಂದು ಗುಂಪು: ಮನೆಯಲ್ಲೇ ಬೆಸುಗೆ ಹಾಕಿದ ಸರ್ಕ್ಯೂಟ್‌ಗಳನ್ನು ಬೀದಿಗೆ, ಪಾರ್ಕಿಗೆ ತಂದು ಗದ್ದಲ ಎಬ್ಬಿಸಿ ಹೆಸರಾದವರು. ಇಲ್ಲಿ ರಾಗವೂ ಇಲ್ಲ, ಗಾಂಗೂ ಇಲ್ಲ. ಇದು ಮೊದಲ ಬಾಗಿಲು ಆಗುವುದು ಬೇಡ ಅಂತ ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಸೆಕತೇನ್‌ನ ಜೋರಿಗೆ ಮೈ ಒಡ್ಡಿದವರಿಗೆ, ರಾಗ ಬಿಟ್ಟು ಬರೀ ನಾದದ ತೂಕ ಕೇಳುವ ಅಭ್ಯಾಸ ಅಷ್ಟರಲ್ಲಿ ಬಂದಿರುತ್ತದೆ.

ದುಡ್ಡಿನ ಯೋಚನೆ ಬೇಡ. ಯೋಗ್ಯಕರ್ತದ ಯೆಸ್ ನೋ ವೇವ್ ಅನ್ನುವ ಲೇಬಲ್ 2007ರಿಂದ ಆಲ್ಬಮ್‌ಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಕೊಡುತ್ತಾ ಬಂದಿದೆ.

ಹೋಗುವವರಿಗೆ

ಹಳೆಯದೂ ಹೊಸದೂ ಒಂದೇ ಕಡೆ ಬೇಕು ಅಂದರೆ ಯೋಗ್ಯಕರ್ತ ಗಮೆಲಾನ್ ಉತ್ಸವದ ದಿನ ನೋಡಿ ಟಿಕೆಟ್ ತೆಗೆಯಿರಿ. ಗಮೆಲಾನ್ ಜೊತೆ ಸಿಂಥಸೈಜರ್ ಇಟ್ಟು ಕೆಲಸ ಮಾಡಿದ ಸಪ್ತೊ ರಹರ್ಜೊ 1995ರಲ್ಲಿ ಶುರು ಮಾಡಿದ್ದು, ಅವರು 2009ರಲ್ಲಿ ಹೋದ ಮೇಲೂ ನಡೆಯುತ್ತಿದೆ. ಬರೀ ಎರಡು ದಿನ ಇದ್ದರೆ ಒಂದು ಬೆಳಿಗ್ಗೆ ಯೋಗ್ಯದ ಅರಮನೆಗೆ ಹೋಗಿ, ಪ್ರವಾಸಿಗರಿಗಾಗಿ ಅಲ್ಲಿ ಹೆಚ್ಚಿನ ದಿನಗಳಲ್ಲಿ ಏನಾದರೂ ಇರುತ್ತದೆ. ಆದರೆ ರಂಜಾನ್ ತಿಂಗಳಲ್ಲಿ ಬೇಡ, ಆಗ ಅರಮನೆಯ ಗಮೆಲಾನ್ ಸುಮ್ಮನಿರುತ್ತದೆ. ಒಂದು ವಾರ ಇದ್ದರೆ ಒಂದು ರಾತ್ರಿಯನ್ನು ಪೂರ್ತಿ ವಯಾಂಗ್‌ಗೆ ಕೊಡಿ, ಒಂದು ಮಧ್ಯಾಹ್ನ ಹಳ್ಳಿಯ ಜಟಿಲಾನ್‌ಗೆ. ಉಳಿದದ್ದು ಅಲ್ಲಿ ಸಿಕ್ಕವರು ಹೇಳುತ್ತಾರೆ. ಹೊಸ ಸಂಗೀತದ ಕಾರ್ಯಕ್ರಮಗಳು ಹಿಂದಿನ ದಿನ ಗೊತ್ತಾಗುವುದೇ ಜಾಸ್ತಿ. ಕಲಿಯುವ ಆಸೆ ಇರುವ ಕಿರಿಯರಿಗೆ ಇಂಡೋನೇಷ್ಯಾ ಸರ್ಕಾರದ ದರ್ಮಸಿಸ್ವ ಅನ್ನುವ ವಿದ್ಯಾರ್ಥಿವೇತನ ಇದೆ, ವಿದೇಶಿಯರಿಗಾಗಿಯೇ ಇರುವುದು.

ಮನೆಯಲ್ಲೇ ಇರುವವರಿಗೆ ಇನ್ನೊಂದು ದಾರಿ. ಯೋಗ್ಯದ ಸುಲ್ತಾನರು ಹುಟ್ಟಿದ್ದು ಸೆಲಸ ವಗೆ, ಅಂದರೆ ಏಳು ದಿನದ ವಾರದ ಮಂಗಳವಾರ ಮತ್ತು ಐದು ದಿನದ ಸಂತೆವಾರದ ವಗೆ ಒಂದಾಗುವ ದಿನ. ಅದು 35 ದಿನಕ್ಕೊಮ್ಮೆ ಬರುತ್ತದೆ. ಅದರ ಹಿಂದಿನ ಸೋಮವಾರ ರಾತ್ರಿ ಅರಮನೆಯಲ್ಲಿ ಉಯೊನ್-ಉಯೊನ್ ಹದಿಲುಹುಂಗ್ ಅಂತ ಗಮೆಲಾನ್ ನುಡಿಸುತ್ತಾರೆ, ಅರಮನೆಯ ಯೂಟ್ಯೂಬ್ ವಾಹಿನಿಯಲ್ಲಿ ನೇರ ಪ್ರಸಾರ ಇರುತ್ತದೆ. ಜಾವಾದ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಅದನ್ನು ಲೆಕ್ಕ ಹಾಕಿಕೊಳ್ಳಿ. ಊಟ ಬೇಗ ಮುಗಿಸಿ, ಹೆಡ್‌ಫೋನ್ ಹಾಕಿ ಕೂತರೆ ಮೊದಲ ಗಾಂಗ್ ತಪ್ಪುವುದಿಲ್ಲ.